ಕಾಗದ 4.10 ಅಂದಿತು, ಕಬ್ಬಿಣ 5.125 ಅಂದಿತು

(ಪುಣೆಯ ಕನ್ನಡಿಗರ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)

ಹಿಂದೆ ಕೂತಿರೋರಿಗೆ ಕೇಳಿಸ್ತಿದೆಯಾ? ಸರಿ.

ಹೋದ ಸಲ ಇದೇ ಜಾಗದಲ್ಲಿ ಮ್ಯೂಚುಯಲ್ ಫಂಡ್ ಬಗ್ಗೆ ಮಾತಾಯಿತು. ಅದಕ್ಕೂ ಹಿಂದಿನ ಸಲ ಮಕ್ಕಳಿಗೆ ಕನ್ನಡ ಕಲಿಸೋದು ಹೇಗೆ ಅಂತ. ನಾನು ಇವತ್ತು ಪಿಕಪ್ ಗಾಡಿಯ ಹಿಂದಿನ ಆಕ್ಸಲ್ ಬಗ್ಗೆ ಮಾತಾಡ್ತೀನಿ. (ನಗು) ನಗ್ಬೇಡಿ. ಈ ಕೋಣೆಯಲ್ಲಿ ಎಷ್ಟು ಜನರ ಮನೇಲಿ, ಅಂದ್ರೆ ಊರಲ್ಲಿ, ತಮ್ಮನೋ ಮಾವನೋ ಚಿಕ್ಕಪ್ಪನೋ ಪಿಕಪ್ ಓಡಿಸ್ತಾರೆ? ಕೈ ಎತ್ತಿ. ನೋಡಿ, ಹತ್ತು-ಹನ್ನೆರಡು ಕೈ. ಅದರಲ್ಲಿ ಎಷ್ಟು ಜನ ಆ ಗಾಡಿಗೆ ಇಲ್ಲಿಂದ ಇಎಂಐ ಕಟ್ತೀರಿ? ಹಾಂ, ಕೈ ಇಳೀಲಿಲ್ಲ. ನನಗೆ ಬೇಕಾದ ಕೇಳುಗರೇ ಸಿಕ್ಕಿದ್ದೀರಿ.

ನಾನು ವಿಜಯಪುರ ಜಿಲ್ಲೆ ಇಂಡಿ ಕಡೆಯವನು. ನಿಂಬೆಹಣ್ಣಿನ ಊರು. ಇಂಡಿ ನಿಂಬೆಗೆ ಈಗ ಜಿಐ ಮಾನ್ಯತೆಯೂ ಸಿಕ್ಕಿದೆ. ಹಿಂಜವಡಿಗೆ ಬಂದು ಒಂಬತ್ತು ವರ್ಷ ಆಯಿತು. ತಮ್ಮ ಊರಲ್ಲೇ ಇದ್ದಾನೆ. ಮೂರು ವರ್ಷದ ಹಿಂದೆ ಅವನಿಗೆ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಕೊಡಿಸಿದೆವು. ಯಾವ ಕಂಪನಿಯದು ಅಂತ ಹೇಳೋದಿಲ್ಲ, ತಪ್ಪು ಕಂಪನಿಯದ್ದಲ್ಲ. ಡೌನ್ ಪೇಮೆಂಟ್ ನನ್ನದು, ಇಎಂಐ ಅರ್ಧ ನನ್ನದು, ದುಡಿಮೆ ಪೂರ್ತಿ ಅವನದು. ಇಂಡಿಯಿಂದ ನಿಂಬೆ ತುಂಬ್ಕೊಂಡು ಸೋಲಾಪುರ, ಪುಣೆ ದಾಟಿ, ಖಂಡಾಲಾ ಘಾಟ್ ಇಳಿದು ವಾಶಿ ಮಾರ್ಕೆಟ್‌ಗೆ ಹೋಗ್ತಾನೆ. ಬರುವಾಗ ಏನಾದ್ರೂ ವಾಪಸ್ ಲೋಡ್ ಸಿಕ್ಕರೆ ತರ್ತಾನೆ.

ಹೋದ ಬೇಸಿಗೆಯಲ್ಲಿ ಫೋನ್ ಬಂತು. ನಿಂಬೆಗೆ ಬೆಲೆ ಇರೋದೇ ಬೇಸಿಗೆಯಲ್ಲಿ, ನಿಮಗೆ ಗೊತ್ತು.

"ಅಣ್ಣಾ, ಹಿಂದಿನ ಹೌಸಿಂಗ್‌ನಾಗ ಸಪ್ಪಳ ಬರಾಕತ್ತೇತಿ. ಮೊದಲ ಗುಂಯ್ ಅಂತಿತ್ತು, ಈಗ ಕಟ್ ಕಟ್ ಅಂತೈತಿ. ಚಾಚಾ ನೋಡಿದ್ರು, ಕ್ರೌನ್ ಪಿನಿಯನ್ ಹೋಗೇತಿ ಅಂದ್ರು."

ಚಾಚಾ ಅಂದ್ರೆ ನಮ್ಮೂರ ಮಿಸ್ತ್ರಿ. ನಲವತ್ತು ವರ್ಷದಿಂದ ಅದೇ ಬೇವಿನ ಮರದ ಕೆಳಗೆ ಗ್ಯಾರೇಜ್.

ಕ್ರೌನ್ ಪಿನಿಯನ್ ಏನು ಅಂತ ಎರಡು ಮಾತಲ್ಲಿ ಹೇಳ್ತೀನಿ, ಮುಂದಿನ ಕತೆಗೆ ಬೇಕು. ಇಂಜಿನ್ ಮುಂದೆ ಇರುತ್ತೆ, ತಿರುಗಬೇಕಾದ ಚಕ್ರ ಹಿಂದೆ. ಗೇರ್ ಬಾಕ್ಸ್‌ನಿಂದ ಹಿಂದಕ್ಕೆ ಒಂದು ಉದ್ದ ಕೊಳವೆ ಬರುತ್ತೆ, ಪ್ರೊಪೆಲ್ಲರ್ ಶಾಫ್ಟ್. ಅದರ ತುದಿಯಲ್ಲಿ ಚಿಕ್ಕ ಗೇರ್, ಅದು ಪಿನಿಯನ್. ಅದು ತಟ್ಟೆಯಷ್ಟು ದೊಡ್ಡ ಹಲ್ಲಿನ ಚಕ್ರವನ್ನ ತಿರುಗಿಸುತ್ತೆ, ಅದು ಕ್ರೌನ್. ಕ್ರೌನ್‌ನ ಹಲ್ಲನ್ನ ಪಿನಿಯನ್‌ನ ಹಲ್ಲಿಂದ ಭಾಗಿಸಿದರೆ ಬರೋದೇ ಆಕ್ಸಲ್ ರೇಷಿಯೊ. ಕ್ರೌನ್‌ಗೆ 41, ಪಿನಿಯನ್‌ಗೆ 10 ಹಲ್ಲು ಇದ್ದರೆ 4.10. ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ 4.1 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಈ ಸಂಖ್ಯೆ ದೊಡ್ಡದಾದಷ್ಟೂ ಗಾಡಿಗೆ ಎಳೆಯೋ ಶಕ್ತಿ ಜಾಸ್ತಿ, ಓಟ ಕಡಿಮೆ. ಕ್ರೌನ್ ಮೇಲೆ ಕೂತಿರೋ ಗೂಡಿನೊಳಗೆ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕಲ್ಲ, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋದು ಅದರ ಕೆಲಸ.

ಈಗ ಕತೆ. ನಾನು ಏನು ಹೇಳಿದೆ? "ನೀನು ಚಿಂತೆ ಮಾಡಬೇಡ, ಪುಣೆಯಲ್ಲಿ ನಾನಾ ಪೇಠ್ ಇದೆ, ಸ್ಪೇರ್ ಪಾರ್ಟ್ಸ್ ಎಲ್ಲಾ ಸಿಗುತ್ತೆ, ನಾನೇ ಕಳಿಸ್ತೀನಿ." ಚಾಸಿಸ್ ನಂಬರ್ ತರಿಸ್ಕೊಂಡೆ. ಪಾರ್ಟ್ಸ್ ಕೆಟಲಾಗ್‌ನಲ್ಲಿ ಹಾಕಿದೆ. 41/10 ಅಂತ ಬಂತು. ಪಾರ್ಟ್ ನಂಬರ್ ಸಮೇತ. ಎಷ್ಟು ಖುಷಿ ನನಗೆ! ಲಂಚ್ ಬ್ರೇಕ್‌ನಲ್ಲಿ ಸಮಸ್ಯೆ ಮುಗಿಸಿಬಿಟ್ಟೆ ಅಂತ.

ತಮ್ಮ ಅಂದ, "ಅಣ್ಣಾ, ಒಂದೀಟು ತಡಿ. ಬಿಚ್ಚಿ ಹಲ್ಲು ಎಣಸೂಣು, ಆಮ್ಯಾಲ ತರಸೂಣು ಅಂತಾರ ಚಾಚಾ."

ನಾನು ಅಂದೆ, "ಕಂಪನಿ ರೆಕಾರ್ಡ್‌ನಲ್ಲೇ ಇದೆಯಪ್ಪಾ. ಎಣಿಸೋದು ಏನಿದೆ ಅದರಲ್ಲಿ?"

ಆ ವಾಕ್ಯ ನನಗೆ ಸರಿಯಾಗಿ ದುಬಾರಿ ಬಿತ್ತು. ಸೆಟ್ ಕೊಂಡೆ. ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದೆ. ಬೆಳಿಗ್ಗೆ ತಲುಪಿತು. ಮಧ್ಯಾಹ್ನ ಫೋನ್ ಬಂತು. "ಅಣ್ಣಾ, ಇದು ನಮ್ಮ ಗಾಡಿದಲ್ಲ. ಬೇರಿಂಗ್ ಕೂಡಂಗಿಲ್ಲ, ಬೋಲ್ಟಿನ ತೂತು ಕೂಡಂಗಿಲ್ಲ."

ನಾನು ಆಗಲೂ ಏನಂದೆ ಗೊತ್ತಾ? "ಸರಿಯಾಗಿ ನೋಡ್ರಿ." ನಲವತ್ತು ವರ್ಷ ಗ್ಯಾರೇಜ್ ನಡೆಸಿದವರಿಗೆ, ಫೋನ್‌ನಲ್ಲಿ, ಇಲ್ಲಿ ಎಸಿ ರೂಮಿನಲ್ಲಿ ಕೂತು. ತಮ್ಮ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಅಂದ, "ಅಣ್ಣಾ, ನೀ ಪುಣ್ಯಾದಾಗ ಕುಂತು ನಮ್ಮ ಗಾಡಿ ನೋಡ್ತಿ. ನಾವು ಗಾಡಿ ಬುಡಕ ಮಕ್ಕೊಂಡು ನೋಡಾಕತ್ತೀವಿ." ಫೋನ್ ಇಟ್ಟ.

ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದ್ರು. ಗ್ರೀಸ್ ಕಾಗದ ಬಿಚ್ಚಿ ಆಗಿತ್ತು, ಬಿಲ್ ಮೇಲೂ ಹಾಗೇ ಬರೆದಿತ್ತು. ಅವರದೇನೂ ತಪ್ಪಿಲ್ಲ, ನಾನು ಕೇಳಿದ್ದನ್ನ ಅವರು ಕೊಟ್ಟಿದ್ದರು. ಇತ್ತ ಹಣ್ಣು ಕಿತ್ತು ಚೀಲ ತುಂಬಿ ಇಟ್ಟಿತ್ತು. ಬಾಡಿಗೆ ಗಾಡಿಯಲ್ಲಿ ಕಳಿಸಿದರು, ಆ ಟ್ರಿಪ್‌ನ ಲಾಭ ಬಾಡಿಗೆಗೇ ಹೋಯಿತು.

ಶುಕ್ರವಾರ ರಾತ್ರಿ ಬಸ್ ಹತ್ತಿದೆ. ಶನಿವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಗೋಣಿಚೀಲದ ಮೇಲೆ ಬಿಚ್ಚಿಟ್ಟ ಗೇರುಗಳು. ಚಾಚಾ ಏನೂ ಬೈಯಲಿಲ್ಲ. "ತಮ್ಮಾ, ಎಣಸು" ಅಂದ್ರು ಅಷ್ಟೇ.

ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ ದೊಡ್ಡ ಚಕ್ರ ಎಣಿಸಿದೆ. ನಲವತ್ತೊಂದು! ನನ್ನ ಮುಖ ಅರಳಿತು. ನೋಡಿ, ನನ್ನ ಕಾಗದ ಸರಿ ಇತ್ತು! ಚಾಚಾ ಮುಗುಳ್ನಕ್ಕು ಪಿನಿಯನ್ ಕೈಗಿಟ್ಟರು. ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟೇ.

41 ಭಾಗಿಸು 8. 5.125. ನನ್ನ ಕಾಗದದ ಪ್ರಕಾರ 4.10.

ಏನಾಗಿತ್ತು ಅಂದ್ರೆ, ಹಿಂದಿನ ಮಾಲೀಕ ಅದೇ ಕಂಪನಿಯ ಇನ್ನೂ ಭಾರದ ಗಾಡಿಯ ಪೂರ್ತಿ ಹಿಂದಿನ ಆಕ್ಸಲ್ ತಂದು ಕೂರಿಸಿದ್ದ. ಕಲ್ಲು ಹೊಡೀತಿದ್ದನೋ ಮರಳು ಹೊಡೀತಿದ್ದನೋ, ಗೊತ್ತಿಲ್ಲ. ಆರ್‌ಸಿಯಲ್ಲಿ ಅದು ಇಲ್ಲ, ಕೆಟಲಾಗ್‌ನಲ್ಲಿ ಅದು ಇಲ್ಲ. ನಮ್ಮ ಕೆಲಸದಲ್ಲಿ ಇದು ದಿನಾ ನೋಡ್ತೀವಲ್ಲ? ಡಾಕ್ಯುಮೆಂಟ್‌ನಲ್ಲಿ ಒಂದು ವರ್ಷನ್, ಪ್ರೊಡಕ್ಷನ್ ಸರ್ವರ್‌ನಲ್ಲಿ ಇನ್ನೊಂದು. ಸರ್ವರ್‌ಗೆ ಲಾಗಿನ್ ಆಗಿ ನೋಡದೆ ನಾವು ಯಾರೂ ಪ್ಯಾಚ್ ಹಾಕಲ್ಲ. ತಮ್ಮನ ಗಾಡಿಗೆ ಮಾತ್ರ ಹಾಕಿಬಿಟ್ಟೆ.

ಇನ್ನೂ ನಾಚಿಕೆ ಅನಿಸಿದ್ದು ಬೇರೆ. ಸುಳಿವು ಎಲ್ಲಾ ಮೂರು ವರ್ಷದಿಂದ ತಮ್ಮನ ಬಾಯಲ್ಲೇ ಇತ್ತು. "ಅಣ್ಣಾ, ಘಾಟ್ ಆರಾಮ ಏರ್ತದ, ಆದ್ರ ಹೈವೇದಾಗ ಇಂಜಿನ್ ಚೀರ್ತದ" ಅಂದಿದ್ದ. ನಾನು ಏರ್ ಫಿಲ್ಟರ್ ಕ್ಲೀನ್ ಮಾಡ್ಸು ಅಂದಿದ್ದೆ. "ಮೀಟರ್ 75 ತೋರಸ್ತದ, ಮೊಬೈಲ್ ಮ್ಯಾಪಿನಾಗ 60 ಅದ" ಅಂದಿದ್ದ. ಎಲ್ಲಾ ಮೀಟರ್ ಸ್ವಲ್ಪ ಜಾಸ್ತಿನೇ ತೋರಿಸುತ್ತೆ ಅಂದಿದ್ದೆ. ಈಗ ಭಾಗಿಸಿ ನೋಡಿ. 5.125 ಭಾಗಿಸು 4.10 ಅಂದ್ರೆ 1.25. 75 ಭಾಗಿಸು 60 ಅಂದ್ರೆ 1.25. ನಮ್ಮ ಗಾಡಿಯಲ್ಲಿ ಮೀಟರ್ ವೇಗವನ್ನ ಗೇರ್ ಬಾಕ್ಸ್‌ನಿಂದ ತಗೊಳ್ಳುತ್ತೆ. ಗೇರ್ ಬಾಕ್ಸ್‌ಗೆ ಹಿಂದೆ ಆಕ್ಸಲ್ ಬದಲಾಗಿದ್ದು ಗೊತ್ತೇ ಇಲ್ಲ, ಅದು 4.10 ಅಂದ್ಕೊಂಡೇ ಲೆಕ್ಕ ಹಾಕ್ತಿತ್ತು. ಕಿಲೋಮೀಟರೂ ಹಾಗೇ, ಕಾಲು ಭಾಗ ಜಾಸ್ತಿ. ಮೀಟರ್ ಲೆಕ್ಕದಲ್ಲಿ ಲೀಟರಿಗೆ 12.5 ಬಂದಿದ್ದರೆ ನಿಜವಾಗಿ ಬಂದಿದ್ದು 10. ತಮ್ಮ ಸರಿಯಾದ ಡೇಟಾ ಕೊಟ್ಟಿದ್ದ. ನಾನು ಅದನ್ನ ಡೇಟಾ ಅಂತ ಎಣಿಸಲಿಲ್ಲ.

ಆ ಶನಿವಾರ, ಭಾನುವಾರ ಚಾಚಾ ನನಗೆ ಕಲಿಸಿದ್ದನ್ನ ಈಗ ಕ್ರಮವಾಗಿ ಹೇಳ್ತೀನಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳೋ ಮೊದಲು, ಅಥವಾ ಆಕ್ಸಲ್‌ನ ಯಾವ ಸಾಮಾನು ತರಿಸೋ ಮೊದಲು ಇಷ್ಟು ನೋಡಿ. ಬರ್ಕೊಳ್ಳೋರು ಬರ್ಕೊಳ್ಳಿ.

ಮೊದಲನೆಯದು, ಚಕ್ರದ ನಡುಭಾಗ. ಗಾಡಿ ಬುಡಕ್ಕೆ ಹೋಗೋದೇ ಬೇಡ, ನಿಂತೇ ನೋಡಬಹುದು. ಹಿಂದಿನ ಚಕ್ರದ ನಡುವಿನಿಂದ ದಪ್ಪ ಹಬ್ ಹೊರಗೆ ಚಾಚಿಕೊಂಡು, ಅದರ ತುದಿಯಲ್ಲಿ ಬೋಲ್ಟುಗಳ ಉಂಗುರ ಇದ್ದರೆ ಅದು ಫುಲ್ ಫ್ಲೋಟಿಂಗ್ ಆಕ್ಸಲ್. ಅಂದ್ರೆ ಗಾಡಿಯ ಭಾರ ಹೊರೋದು ಹೊರಗಿನ ಹೌಸಿಂಗ್ ಮತ್ತು ಹಬ್‌ನ ಬೇರಿಂಗ್‌ಗಳು. ಒಳಗಿನ ಶಾಫ್ಟ್‌ಗೆ ಚಕ್ರ ತಿರುಗಿಸೋದೊಂದೇ ಕೆಲಸ. ಆ ಬೋಲ್ಟ್ ಬಿಚ್ಚಿದರೆ ಚಕ್ರ ನೆಲದ ಮೇಲಿರುವಾಗಲೇ ಶಾಫ್ಟ್ ಎಳೆದು ತೆಗೀಬಹುದು. ಹಾಗೆ ಚಾಚಿದ ಹಬ್ ಇಲ್ಲದೆ ನಡುಭಾಗ ಚಪ್ಪಟೆಯಾಗಿದ್ದರೆ ಸಾಮಾನ್ಯವಾಗಿ ಸೆಮಿ ಫ್ಲೋಟಿಂಗ್. ಅಲ್ಲಿ ಶಾಫ್ಟೇ ತಿರುಗಿಸಬೇಕು, ಶಾಫ್ಟೇ ಭಾರನೂ ಹೊರಬೇಕು. ವ್ಯತ್ಯಾಸ ಏನು? ಓಡುವಾಗ ಶಾಫ್ಟ್ ಮುರಿದರೆ ಫುಲ್ ಫ್ಲೋಟಿಂಗ್‌ನಲ್ಲಿ ಗಾಡಿ ಎಳೆಯೋದು ನಿಲ್ಲುತ್ತೆ, ಚಕ್ರ ಜಾಗದಲ್ಲೇ ಇರುತ್ತೆ. ಸೆಮಿ ಫ್ಲೋಟಿಂಗ್‌ನಲ್ಲಿ ಶಾಫ್ಟ್ ಹೊರತುದಿಯಲ್ಲಿ ಮುರಿದರೆ ಚಕ್ರವೇ ಕಳಚಿ ಹೋಗಬಹುದು. ಹಾಗಂತ ಸೆಮಿ ಫ್ಲೋಟಿಂಗ್ ಕೆಟ್ಟದ್ದಲ್ಲ, ಎಷ್ಟೋ ಹಗುರ ಗಾಡಿಗಳಲ್ಲಿ ಅದೇ ಇರೋದು. ಕಂಪನಿ ಹೇಳಿದ ತೂಕ ಮೀರಬಾರದು, ಅಷ್ಟೇ. ಚಾಚಾ ನಮ್ಮ ಗಾಡಿಯ ಹಬ್ ನೋಡಿಯೇ "ಇದು ಈ ಗಾಡಿದಲ್ಲ" ಅಂದಿದ್ದರಂತೆ. ಅದನ್ನ ಹೇಳೋಕೆ ತಮ್ಮ ಮಾಡಿದ ಫೋನ್ ನಾನು ಮೀಟಿಂಗ್‌ನಲ್ಲಿದ್ದೆ ಅಂತ ಎತ್ತಿರಲಿಲ್ಲ.

ಎರಡನೆಯದು, ಹೌಸಿಂಗ್‌ನ ಆಕಾರ. ಈಗ ಬುಡಕ್ಕೆ ಬಗ್ಗಿ. ನಡುವಿನ ಉಬ್ಬು ದುಂಡಗಿದ್ದು, ಹಿಂಭಾಗ ಮುಚ್ಚಿಕೊಂಡು, ಮುಂದಿನ ಕಡೆಯಿಂದ ಗೇರಿನ ಗೂಡನ್ನ ಒಟ್ಟಿಗೆ ಬಿಚ್ಚಿ ತೆಗೆಯೋ ಹಾಗೆ ಬೋಲ್ಟ್ ಇದ್ದರೆ ಅದಕ್ಕೆ ಬ್ಯಾಂಜೊ ಮಾದರಿ ಅಂತಾರೆ, ಬ್ಯಾಂಜೊ ವಾದ್ಯದ ಆಕಾರಕ್ಕೆ ಬಂದ ಹೆಸರು. ನಡುಭಾಗ ಎರಕದ ಗಟ್ಟಿ, ಎರಡು ಕಡೆ ಕೊಳವೆ ತೂರಿಸಿದ್ದು, ಹಿಂದೆ ಬೋಲ್ಟ್ ಹಾಕಿದ ಮುಚ್ಚಳ ಇದ್ದರೆ ಅದು ಸ್ಯಾಲಿಸ್‌ಬರಿ ಮಾದರಿ. ಮುಚ್ಚಳದ ಆಕಾರ ನೋಡಿ, ಬೋಲ್ಟ್ ಎಣಿಸಿ, ಫೋಟೊ ತೆಗೆಯಿರಿ. ಅಮೆರಿಕದಲ್ಲಿ ಹಳೆಯ ಪಿಕಪ್‌ಗಳ ಆಕ್ಸಲ್‌ಗೆ 10 ಬೋಲ್ಟ್, 12 ಬೋಲ್ಟ್, 14 ಬೋಲ್ಟ್ ಅಂತಲೇ ಹೆಸರು ಬಿದ್ದುಬಿಟ್ಟಿದೆ.

ಮೂರನೆಯದು, ತಗಡು ಮತ್ತು ಅಚ್ಚು. ಹೌಸಿಂಗ್‌ನ ಯಾವುದಾದ್ರೂ ಬೋಲ್ಟಿಗೆ ಚಿಕ್ಕ ತಗಡಿನ ತುಂಡು ಸಿಕ್ಕಿಸಿರಬಹುದು, ಅಥವಾ ಕಬ್ಬಿಣದ ಮೇಲೇ ಸಂಖ್ಯೆ ಒತ್ತಿರಬಹುದು. ವರ್ಷಗಟ್ಟಲೆ ಮಣ್ಣು, ಎಣ್ಣೆ ಕೂತಿರುತ್ತೆ. ಡೀಸೆಲ್ ಹಚ್ಚಿ ತಂತಿ ಬ್ರಷ್‌ನಿಂದ ಉಜ್ಜಿ. ಒಮ್ಮೊಮ್ಮೆ ನೇರವಾಗಿ ಹಲ್ಲಿನ ಲೆಕ್ಕವೇ ಇರುತ್ತೆ. ಅಮೆರಿಕದಲ್ಲಿರೋ ಗೆಳೆಯರು ಹೇಳ್ತಾರೆ, ನಮಗೆ ಇಷ್ಟು ಕಷ್ಟ ಇಲ್ಲ, ಗ್ಲವ್ ಬಾಕ್ಸ್ ತೆರೆದರೆ ಸ್ಟಿಕ್ಕರ್ ಇರುತ್ತೆ ಅಂತ. ನಿಜ. ಜನರಲ್ ಮೋಟಾರ್ಸ್‌ನ ಎಷ್ಟೋ ಪಿಕಪ್‌ಗಳಲ್ಲಿ ಜಿಟಿ4 ಅಂದ್ರೆ 3.73, ಜಿಯು6 ಅಂದ್ರೆ 3.42, ಜಿ80 ಅಂತಿದ್ದರೆ ಲಾಕ್ ಆಗೋ ಡಿಫರೆನ್ಷಿಯಲ್. ಆದರೆ ಅದೂ ಗಾಡಿ ಫ್ಯಾಕ್ಟರಿ ಬಿಟ್ಟ ದಿನದ ಮಾತು. ಆಮೇಲೆ ಯಾರಾದ್ರೂ ಆಕ್ಸಲ್ ಬದಲಾಯಿಸಿದ್ರೆ ಸ್ಟಿಕ್ಕರ್ ತಾನಾಗಿ ಬದಲಾಗಲ್ಲ.

ನಾಲ್ಕನೆಯದು, ಸುತ್ತು ಎಣಿಸೋದು. ಏನೂ ಬಿಚ್ಚದೆ ರೇಷಿಯೊ ತಿಳಿಯೋ ದಾರಿ ಇದು. ಆದರೆ ಮೊದಲು ಎಚ್ಚರಿಕೆ. ಇಲ್ಲಿ ಹ್ಯಾಂಡ್ ಬ್ರೇಕ್ ಬಿಡಬೇಕು, ಗೇರ್ ನ್ಯೂಟ್ರಲ್ ಇರಬೇಕು. ಹಾಗಾಗಿ ಗಾಡಿ ಸಮತಟ್ಟು ಗಟ್ಟಿ ನೆಲದಲ್ಲಿರಲಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕಟ್ಟೆ ಕೊಡಿ, ಬರೀ ಜಾಕ್ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಇಡಿ. ಕೀ ನಿಮ್ಮ ಜೇಬಲ್ಲಿರಲಿ. ಖಾಲಿ ಗಾಡಿಯಲ್ಲಿ ಮಾತ್ರ ಮಾಡಿ.

ಹಿಂದಿನ ಒಂದೇ ಚಕ್ರ ಎತ್ತಿ, ಇನ್ನೊಂದು ನೆಲದ ಮೇಲೇ ಇರಲಿ. ಟಯರ್ ಮೇಲೊಂದು ಸುಣ್ಣದ ಗೆರೆ, ಪ್ರೊಪೆಲ್ಲರ್ ಶಾಫ್ಟ್ ಮೇಲೊಂದು. ಒಬ್ಬರು ಎತ್ತಿದ ಚಕ್ರವನ್ನ ಸರಿಯಾಗಿ 20 ಸುತ್ತು ತಿರುಗಿಸಲಿ, ಇನ್ನೊಬ್ಬರು ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಣಿಸಲಿ. ಬಂದಿದ್ದನ್ನ 10ರಿಂದ ಭಾಗಿಸಿ. 20 ಅಲ್ಲ, 10. ಯಾಕೆ? ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಕ್ರೌನ್ ತಿರುಗೋದು ಎರಡು ಚಕ್ರಗಳ ಸರಾಸರಿಯಷ್ಟು. ಒಂದು ಚಕ್ರ 20, ಇನ್ನೊಂದು ಸೊನ್ನೆ, ಸರಾಸರಿ 10. ಶಾಫ್ಟ್ 41 ಸುತ್ತು ಬಂದರೆ 4.1. ಬೇರೆ ಸೆಟ್ ಹಾಕಿ ಗಾಡಿ ಕೂಡಿಸಿದ ಮೇಲೆ ಚಾಚಾ ನನ್ನ ಕೈಯಲ್ಲೇ ಇದನ್ನ ಮಾಡಿಸಿದರು. ತಮ್ಮ ಚಕ್ರ ತಿರುಗಿಸಿದ, ನಾನು ಬುಡದಲ್ಲಿ ಮಲಗಿ ಎಣಿಸಿದೆ. ಐವತ್ತೊಂದೂಕಾಲು. ಮೂರು ಸಲ ಎಣಿಸಿದೆವು, ಮೂರು ಸಲವೂ ಅಷ್ಟೇ.

ಒಂದು ಚಕ್ರ ನೆಲದಲ್ಲಿದ್ದಾಗ ಇನ್ನೊಂದು ಚಕ್ರ ತಿರುಗೋಕೇ ಒಪ್ಪದಿದ್ದರೆ ಅದು ಲಿಮಿಟೆಡ್ ಸ್ಲಿಪ್ ಅಥವಾ ಲಾಕ್ ಆಗೋ ಜಾತಿಯದು ಇರಬಹುದು. ಆಗ ಎರಡೂ ಚಕ್ರ ಸ್ಟ್ಯಾಂಡ್ ಮೇಲೆ ಎತ್ತಿ. ಎರಡೂ ಒಟ್ಟಿಗೆ ತಿರುಗಿದರೆ 10 ಸುತ್ತು ಸಾಕು, 10ರಿಂದಲೇ ಭಾಗಿಸಿ. ಇನ್ನೊಂದು ಪರೀಕ್ಷೆ ಇದೆ. ಎರಡೂ ಚಕ್ರ ಎತ್ತಿ ಗಾಡಿಯನ್ನ ಗೇರ್‌ನಲ್ಲಿಟ್ಟು ಒಂದು ಚಕ್ರ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಸಾಮಾನ್ಯ ಡಿಫರೆನ್ಷಿಯಲ್. ಹೊಸ ಲಿಮಿಟೆಡ್ ಸ್ಲಿಪ್ ಆದರೆ ಅಷ್ಟು ಸುಲಭಕ್ಕೆ ತಿರುಗಲ್ಲ. ಆದರೆ ಒಳಗಿನ ಕ್ಲಚ್ ಸವೆದಿದ್ದರೆ ಅದೂ ಸಾಮಾನ್ಯದ ಹಾಗೇ ನಡ್ಕೊಳ್ಳುತ್ತೆ, ಇದನ್ನ ಮರೀಬೇಡಿ.

ಐದನೆಯದು, ಓಡಿಸಿ ಲೆಕ್ಕ ಹಾಕೋದು. ಇದು ನಮ್ಮಂಥವರಿಗೆ ಇಷ್ಟ ಆಗುತ್ತೆ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ನಿಮಿಷಕ್ಕೆ ಸರಿಯಾಗಿ 1000 ಮೀಟರ್. ನಮ್ಮ ಟಯರ್ 215/75 ಆರ್ 15. ರಿಮ್ 15 ಇಂಚು, ಅಂದ್ರೆ 381 ಮಿಲಿಮೀಟರ್. ಟಯರ್ ಗೋಡೆ 215ರ ಶೇಕಡಾ 75, ಸುಮಾರು 161. ಮೇಲೊಂದು ಕೆಳಗೊಂದು ಸೇರಿಸಿ ವ್ಯಾಸ ಸುಮಾರು 703 ಮಿಲಿಮೀಟರ್, ಸುತ್ತಳತೆ 2.21 ಮೀಟರ್. ಅಂದ್ರೆ 60ರಲ್ಲಿ ಚಕ್ರ ನಿಮಿಷಕ್ಕೆ ಸುಮಾರು 452 ಸುತ್ತು. ಹಿಂದಿನ ಚಕ್ರ ಓಡಿಸೋ 5 ಗೇರಿನ ಬಹಳ ಗಾಡಿಗಳಲ್ಲಿ 4ನೇ ಗೇರ್ ನೇರ, ಇಂಜಿನ್ ಎಷ್ಟು ಸುತ್ತೋ ಶಾಫ್ಟೂ ಅಷ್ಟೇ ಸುತ್ತು. ಹಾಗಾಗಿ 4ನೇ ಗೇರ್‌ನಲ್ಲಿ ಇಂಜಿನ್ 1850ರ ಹತ್ತಿರ ಇದ್ದರೆ ರೇಷಿಯೊ 4.10. ನಮ್ಮದು 2300ರ ಹತ್ತಿರ ಬಂತು. ವೇಗವನ್ನ ಗಾಡಿಯ ಮೀಟರ್‌ನಿಂದ ತಗೋಬೇಡಿ, ಜಿಪಿಎಸ್‌ನಿಂದ ತಗೊಳ್ಳಿ. ಪಕ್ಕದಲ್ಲಿ ಕೂತವರು ನೋಡಲಿ, ಓಡಿಸೋರು ರಸ್ತೆ ನೋಡಲಿ. ಭಾರಕ್ಕೆ ಟಯರ್ ಸ್ವಲ್ಪ ಕುಗ್ಗಿರುತ್ತೆ, ಹಾಗಾಗಿ ಕೊಂಚ ಹೆಚ್ಚು ಕಡಿಮೆ ಬಂದೇ ಬರುತ್ತೆ.

ಈಗ ಯಾರೋ ಕೇಳಬಹುದು, ಸುತ್ತು ಎಣಿಸಿದರೆ ಸಾಕಲ್ಲ, ಬಿಚ್ಚಿ ಹಲ್ಲು ಯಾಕೆ ಎಣಿಸಬೇಕು ಅಂತ. ಒಳ್ಳೆ ಪ್ರಶ್ನೆ. 41/10 ಅಂದ್ರೆ 4.10. 37/9 ಅಂದ್ರೆ 4.11. ಎರಡೂ ಹಾಕಿದ ಗಾಡಿ ರಸ್ತೆ ಮೇಲೆ ಒಂದೇ ಥರ ಓಡುತ್ತೆ. ಸುಣ್ಣದ ಗೆರೆಯಲ್ಲಿ ಒಂದಕ್ಕೆ 41 ಸುತ್ತು, ಇನ್ನೊಂದಕ್ಕೆ 41ರ ಮೇಲೆ ಒಂದು ಚೂರು. ಕಣ್ಣಿಗೆ ತಿಳಿಯಲ್ಲ. ಆದರೆ ಒಂದರ ಕ್ರೌನ್‌ಗೆ ಇನ್ನೊಂದರ ಪಿನಿಯನ್ ಕೂರೋದೇ ಇಲ್ಲ. ಹಲ್ಲಿನ ಲೆಕ್ಕ ಕೂಡಿದರೂ ಆಕ್ಸಲ್ ಜಾತಿ ಬೇರೆಯಾದರೆ ಬೇರಿಂಗ್ ಕೂಡಲ್ಲ, ಬೋಲ್ಟ್ ಕೂಡಲ್ಲ, ನನಗೆ ಕ್ರೌನ್ 41 ಕೂಡಿದರೂ ಏನೂ ಆಗಲಿಲ್ಲವಲ್ಲ, ಹಾಗೆ. ಸಾಮಾನು ತರಿಸೋಕೆ ಮೂರೂ ಬೇಕು: ಆಕ್ಸಲ್ ಯಾವ ಜಾತಿ, ಕ್ರೌನ್ ಹಲ್ಲು ಎಷ್ಟು, ಪಿನಿಯನ್ ಹಲ್ಲು ಎಷ್ಟು.

ನನಗೆ ಇನ್ನೊಂದು ಅನುಮಾನ ಇತ್ತು. 41, 37 ಅಂತ ವಿಚಿತ್ರ ಸಂಖ್ಯೆ ಯಾಕೆ? 40/10 ಇಟ್ಟು ಸರಿಯಾಗಿ 4 ಮಾಡಬಾರದಾ? ಕಾಲೇಜಿನ ಗಣಿತ ನೆನಪಿಸ್ಕೊಳ್ಳಿ. 40/10 ಆದರೆ ಪಿನಿಯನ್‌ನ ಒಂದು ಹಲ್ಲು ಪ್ರತಿ 4 ಸುತ್ತಿಗೆ ಕ್ರೌನ್‌ನ ಅದೇ ಹಲ್ಲಿಗೆ ಬಂದು ಹೊಡೆಯುತ್ತೆ. ಒಂದು ಹಲ್ಲಲ್ಲಿ ದೋಷ ಇದ್ದರೆ ಅದೇ ನಾಲ್ಕು ಹಲ್ಲು ಸವೆಯುತ್ತಾ ಹೋಗುತ್ತೆ. 41 ಮತ್ತು 10ಕ್ಕೆ ಸಾಮಾನ್ಯ ಅಪವರ್ತನ ಇಲ್ಲ. ಅದೇ ಜೋಡಿ ಮತ್ತೆ ಭೇಟಿಯಾಗೋಕೆ ಪಿನಿಯನ್ 41 ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿ ಹಲ್ಲೂ ಪ್ರತಿ ಹಲ್ಲನ್ನ ಮುಟ್ಟಿರುತ್ತೆ, ಸವೆತ ಸಮನಾಗಿ ಹಂಚಿ ಹೋಗುತ್ತೆ. ಇದನ್ನ ಚಾಚಾಗೆ ಹೇಳಿದೆ. "ಅಂದ್ರ ಎಲ್ಲಾರೂ ಎಲ್ಲಾರ ಭಾರ ಹೊರಬೇಕು ಅಂತ" ಅಂದ್ರು. ಮಸಾಲಾ ಟೀ ಕುಡೀತಾ, ಎರಡೇ ಸೆಕೆಂಡಿನಲ್ಲಿ.

ಮತ್ತೆ ಎರಡು ಎಚ್ಚರಿಕೆ. ಕ್ರೌನ್ ಮತ್ತು ಪಿನಿಯನ್ ಫ್ಯಾಕ್ಟರಿಯಲ್ಲೇ ಜೋಡಿಯಾಗಿ ತಿಕ್ಕಿ ಹೊಂದಿಸಿರ್ತಾರೆ. ಒಂದು ಹಾಳಾದ್ರೂ ಜೋಡಿಯನ್ನೇ ಬದಲಾಯಿಸಿ, ಮತ್ತು ಹಲ್ಲಿನ ನಡುವಿನ ಸಂದು ಅಳೆದು ಕೂರಿಸೋ ಮಿಸ್ತ್ರಿ ಹತ್ತಿರವೇ ಮಾಡಿಸಿ. ಎರಡು, ಫೋರ್ ಬೈ ಫೋರ್ ಗಾಡಿ ಇರೋರು ಗಮನಿಸಿ, ಮುಂದಿನ ಮತ್ತು ಹಿಂದಿನ ಆಕ್ಸಲ್ ರೇಷಿಯೊ ಹೊಂದಲೇಬೇಕು. ಹಿಂದಿನದನ್ನ ಮಾತ್ರ ಬದಲಾಯಿಸಿ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೆ ಒಳಗೆ ಒಂದಕ್ಕೊಂದು ಎಳೆದಾಡಿ ಮುರೀತಾವೆ.

ಅಂದ ಹಾಗೆ, ಹಳೆ ಸೆಟ್ ಸತ್ತಿದ್ದು ಯಾಕೆ ಗೊತ್ತಾ? ಎಣ್ಣೆ ಇಲ್ಲದೆ. ಪಿನಿಯನ್ ಸೀಲ್ ಸೋರುತ್ತಿತ್ತು, ಯಾರೂ ಮಟ್ಟ ನೋಡಿರಲಿಲ್ಲ. ಈ ಗೇರುಗಳು ಒಂದರ ಮೇಲೊಂದು ಉರುಳೋದಷ್ಟೇ ಅಲ್ಲ, ಜಾರ್ತಾವೆ ಕೂಡ, ಹಾಗಾಗಿ ಇವಕ್ಕೆ ಒತ್ತಡ ತಡೆಯೋ ಗೇರ್ ಆಯಿಲ್ ಬೇಕು. ಗ್ಯಾರೇಜ್‌ನಲ್ಲಿ 90 ನಂಬರ್ ಅಂತಾರೆ, ಡಬ್ಬಿ ಮೇಲೆ ಜಿಎಲ್-5 ಅಂತ ಇದೆಯಾ, ಗಾಡಿಯ ಪುಸ್ತಕ ಏನು ಹೇಳುತ್ತೆ, ನೋಡಿ ಹಾಕಿಸಿ. ಕೆಲವು ನೂರು ರೂಪಾಯಿಯ ಸೀಲ್ ನೋಡಿಕೊಂಡಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ.

ಇನ್ನೊಂದು ಮಾತು ಖಡಕ್ಕಾಗಿ ಹೇಳ್ಬೇಕು. ದೊಡ್ಡ ಆಕ್ಸಲ್ ಇದೆ ಅಂತ ಆರ್‌ಸಿಯಲ್ಲಿರೋ ತೂಕದ ಮಿತಿ ಜಾಸ್ತಿ ಆಗಲ್ಲ. ಬ್ರೇಕು, ಚಾಸಿಸ್, ಸ್ಟೀರಿಂಗ್ ಎಲ್ಲಾ ಹಳೆಯ ಲೆಕ್ಕದ್ದೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಬದಲಾವಣೆ ಮಾಡಬಾರದು ಅನ್ನುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗಲೇ ಇದನ್ನ ನೋಡಿದ್ದರೆ ನಾವು ಆ ಗಾಡಿ ಬಿಡ್ತಿದ್ದೆವು, ಇಲ್ಲ ಬೆಲೆ ಇಳಿಸಿ ಮೂಲ ಆಕ್ಸಲ್ ಹಾಕಿಸಿಕೊಳ್ತಿದ್ದೆವು. ಆಗ ನಾನು ನೋಡಿದ್ದು ಆರ್‌ಸಿ, ಇನ್ಷೂರೆನ್ಸ್, ಟಯರ್ ಮತ್ತು ಮ್ಯೂಸಿಕ್ ಸಿಸ್ಟಮ್. (ನಗು)

ಆ ಶನಿವಾರವೇ ತಮ್ಮ ಸೋಲಾಪುರಕ್ಕೆ ಹೋಗಿ, ಹಳೇ ಪಿನಿಯನ್ ಕೈಯಲ್ಲಿ ಹಿಡ್ಕೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡಿ 41/8ರ ಸೆಟ್ ತಂದ. ಭಾನುವಾರ ಸಂಜೆ ಗಾಡಿ ಎದ್ದಿತು. ಮೀಟರ್ ಪಕ್ಕದಲ್ಲಿ ಅವನೇ ಒಂದು ಚೀಟಿ ಅಂಟಿಸಿದಾನೆ: "75 ಅಂದ್ರ 60." ಸೀಸನ್ ಮುಗಿದ ಮೇಲೆ ಈ ಗಾಡಿಯದೇ ಮೂಲ ಜಾತಿಯ ಹೌಸಿಂಗ್ ಹುಡುಕಿ ಹಾಕಿಸೋದು ಅಂತ ಮಾತಾಗಿದೆ. ನಾನು ಕೊಂಡ 41/10 ಸೆಟ್ ಅದಕ್ಕೆ ಬರುತ್ತೆ. ಅಲ್ಲಿಯವರೆಗೂ ಅದು ವಾಕಡ್‌ನ ನನ್ನ ಫ್ಲ್ಯಾಟ್‌ನಲ್ಲಿ, ಟಿವಿ ಕೆಳಗೆ ಗ್ರೀಸ್ ಕಾಗದದಲ್ಲಿ ಕೂತಿದೆ. ಬಂದವರೆಲ್ಲ ಇದೇನು ಅಂತ ಕೇಳ್ತಾರೆ. ನನ್ನ ಹೆಂಡತಿ ಹೇಳ್ತಾಳೆ, "ಇವರು ಎಣಿಸದೆ ಕೊಂಡಿದ್ದು."

ಹೊರಡುವಾಗ ಚಾಚಾಗೆ ಕ್ಷಮೆ ಕೇಳಿದೆ. ಅವರು ಗಾಡಿ ಬುಡದಿಂದ ತಲೆ ಹೊರಗೆ ಹಾಕಿ, "ತಮ್ಮಾ, ಮುಂದಿನ ಸಲ ಫೋನ್ ಎತ್ತು, ಅಷ್ಟ ಸಾಕು" ಅಂದ್ರು.

ಊರಿಂದ ಫೋನ್ ಬಂದಾಗ ನಾವು ಉತ್ತರ ಕೊಡೋಕೆ ಅವಸರ ಮಾಡ್ತೀವಿ, ಯಾಕಂದ್ರೆ ದುಡ್ಡು ನಾವು ಕಳಿಸ್ತೀವಿ. ಗಾಡಿ ಬುಡದಲ್ಲಿ ಮಲಗಿರೋರು ಎಣಿಸೋಣ ಅಂದ್ರೆ, ಒಂದು ದಿನ ತಡೀರಿ. ಎಣಿಸಲಿ. ಇವತ್ತು ರಾತ್ರಿ ನಿಮ್ಮ ತಮ್ಮನಿಗೋ ಮಾವನಿಗೋ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ನಿಮ್ಮ ಗಾಡಿ ಮೀಟರ್ 60 ತೋರಿಸುವಾಗ ಮೊಬೈಲ್ ಎಷ್ಟು ತೋರಿಸುತ್ತೆ? ಉತ್ತರ ಬಂದ ಮೇಲೆ ನಡುವೆ ಮಾತಾಡದೆ ಕೇಳಿಸ್ಕೊಳ್ಳಿ.